ನಾಳೆ ಬಂದರಿನಲ್ಲಿ ಕೇಳಿದರಾಯಿತು

"ನೀವೇನು ಇಂಟರ್ನೆಟ್ ಮಾರ್ತೀರೋ, ಹಗಲುದರೋಡೆ ಮಾಡ್ತೀರೋ?"

ಅವಳು ಫೋನನ್ನು ಕೌಂಟರಿನ ಮೇಲೆ ಕುಕ್ಕಿದ ರಭಸಕ್ಕೆ ಒಳಗಿದ್ದವನ ಪೆನ್ನು ಉರುಳಿ ಕೆಳಗೆ ಬಿತ್ತು. ಅವನು ಬಗ್ಗಿ ಪೆನ್ನು ಎತ್ತಿಕೊಂಡು ನೆಟ್ಟಗೆ ನಿಂತಾಗ ಅವಳು ಕತ್ತು ಎತ್ತಿ ನೋಡಬೇಕಾಯಿತು.

'ಅಬ್ಬಾ! ಇದು ಮನುಷ್ಯನೋ, ಏಣಿಯೋ?'

"ಏನಾಯ್ತು ಹೇಳಿ."

"ಮನೆಗೆ ಒಂದೇ ಒಂದು ಕರೆ ಮಾಡಿಲ್ಲ. ಫೋನಲ್ಲಿದ್ದ ದುಡ್ಡೆಲ್ಲ ನುಂಗಿ ನೀರು ಕುಡಿದಿದೆ ನಿಮ್ಮ ಹಡಗು!"

"ಫೋನ್ ಎಲ್ಲಿಟ್ಟಿದ್ರಿ?"

"ಜೇಬಲ್ಲಿ. ಇನ್ನೇನು, ತಲೆ ಮೇಲೆ ಹೊತ್ಕೋಬೇಕಿತ್ತಾ?"

ಅವನು ನಗಲಿಲ್ಲ. ತುಟಿ ಮಾತ್ರ ಸ್ವಲ್ಪ ಕೊಂಕಿತು. "ಆಫ್ ಮಾಡಿರಲಿಲ್ಲ ಅಲ್ವಾ? ದಡ ಬಿಟ್ಟ ಮೇಲೆ ಅದು ಹಡಗಿನ ಸ್ಯಾಟಲೈಟ್ ಲೈನ್ ಹಿಡ್ಕೊಳ್ಳುತ್ತೆ. ನೀವು ಸುಮ್ಮನಿದ್ರೂ ಅದು ಸುಮ್ಮನಿರಲ್ಲ."

ಅಷ್ಟೇ! ಅವಳ ಸಿಟ್ಟೆಲ್ಲ ಅಳುವಾಗಿ ಕಣ್ಣಿಗೆ ಬಂತು. "ಅಮ್ಮನಿಗೆ... ಹಡಗು ಹತ್ತಿದೆ ಅಂತ ಹೇಳೋಕೂ ಆಗ್ಲಿಲ್ಲ..."

ಅವನು ತನ್ನ ಫೋನನ್ನು ಅವಳ ಕಡೆಗೆ ತಿರುಗಿಸಿದ. "ಇದರಲ್ಲಿ ಬರೀರಿ. ನನ್ನ ಲೈನಿಂದ ಹೋಗುತ್ತೆ."

ಹೀಗೆ ಶುರುವಾಯಿತು ನೋಡಿ ಅವರಿಬ್ಬರ ಪರಿಚಯ, ಜಗಳದಲ್ಲಿ.

ಅವಳು ಆ ಪ್ರವಾಸಿ ಹಡಗಿನ ದರ್ಜಿ. ಮೇಲಿನ ಅಂತಸ್ತುಗಳಲ್ಲಿ ಪ್ರಯಾಣಿಕರು ಈಜುಕೊಳದ ಪಕ್ಕ ಮೈಚೆಲ್ಲಿ ಮಲಗಿದ್ದರೆ, ಇವಳು ನೀರಿನ ಮಟ್ಟಕ್ಕಿಂತ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಮಾಣಿಗಳ ಕೋಟಿಗೆ ಗುಂಡಿ ಹಾಕುತ್ತ, ಅಡುಗೆಯವರ ಪ್ಯಾಂಟಿನ ಸೊಂಟ ಬಿಚ್ಚಿ ಹಿಗ್ಗಿಸುತ್ತ ಕೂತಿರುತ್ತಿದ್ದಳು. ಮನೆಯಲ್ಲಿದ್ದದ್ದು ಅಮ್ಮ ಒಬ್ಬಳೇ. ಅಮ್ಮ ಮಾರುಕಟ್ಟೆಯಲ್ಲಿ ತರಕಾರಿ ಮಾರುವವಳು. ಅವಳು ಟೊಮೆಟೊ ಎಂದು ಒಮ್ಮೆ ಕೂಗಿದರೆ ಮುಂದಿನ ಬೀದಿಯವರು ಚೀಲ ಹಿಡಿದು ಬರುತ್ತಿದ್ದರು. "ಬಾಯಿದ್ದವನು ಬರಗಾಲದಲ್ಲೂ ಬದುಕಿದ" ಅನ್ನುವುದು ಅವಳ ಮಂತ್ರ. ಟೈಪ್ ಮಾಡುವುದೆಂದರೆ ಅವಳಿಗೆ ಆಗದು. ಏನಿದ್ದರೂ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು.

ಅವನು ಸಿಬ್ಬಂದಿಯ ಇಂಟರ್ನೆಟ್ ಕೌಂಟರ್ ನೋಡಿಕೊಳ್ಳುವವನು. ಹಡಗಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಟವರ್ ಎಂದು. ಸಿಗ್ನಲ್ ಕೊಡುವುದಕ್ಕೋ, ಬಾಗಿಲು ಬಾಗಿಲಿಗೂ ತಲೆ ಬಡಿಸಿಕೊಳ್ಳುವುದಕ್ಕೋ, ಯಾರಿಗೆ ಗೊತ್ತು!

ಕಡಿಮೆ ಖರ್ಚಿನಲ್ಲಿ ಮನೆಯ ಜೊತೆ ಮಾತಾಡುವ ವಿದ್ಯೆಯನ್ನೆಲ್ಲ ಅವಳಿಗೆ ಕಲಿಸಿದವನು ಅವನೇ.

"ದಡ ಬಿಡೋ ಮುಂಚೆ ಈ ವಿಮಾನದ ಗುರುತು ಒತ್ತಿಬಿಡಿ."

"ಹಡಗಲ್ಲಿ ಕೂತು ವಿಮಾನ ಒತ್ತಬೇಕಾ? ಚೆನ್ನಾಗಿದೆ!"

"ಆಮೇಲೆ ಈ ಸಣ್ಣ ಪ್ಯಾಕೇಜ್ ತಗೊಳ್ಳಿ. ಅಕ್ಷರ ಮಾತ್ರ ಹೋಗುತ್ತೆ, ಬರುತ್ತೆ. ಫೋಟೋ, ಧ್ವನಿ ತೆರೆಯಲ್ಲ. ಅವನ್ನ ಬಂದರಿನಲ್ಲಿ ಕೇಳಿದರಾಯಿತು. ಅಲ್ಲಿ ನಾವಿಕರ ವಿಶ್ರಾಂತಿ ಕೋಣೆಯಲ್ಲಿ ವೈಫೈ ಪುಕ್ಕಟೆ."

ಪ್ರತಿ ಬಂದರಿನಲ್ಲೂ ಅವನು ಓಡಿಹೋಗಿ ಆ ಕೋಣೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವ ಕುರ್ಚಿ ಹಿಡಿದಿರುತ್ತಿದ್ದ. ಅವಳು ಏದುಸಿರು ಬಿಡುತ್ತ ಬಂದು ಕೂರುವಳು. ಕೂಡಿಬಿದ್ದಿದ್ದ ಅಮ್ಮನ ಮಾತುಗಳೆಲ್ಲ ಒಂದರ ಹಿಂದೊಂದು ತೆರೆದುಕೊಳ್ಳುವವು. ಬೆಂಡೆಕಾಯಿ ಬೆಲೆ, ಚಿಕ್ಕಮ್ಮನ ಮಂಡಿನೋವು, ಪಕ್ಕದ ಅಂಗಡಿಯವನ ಜಗಳ... ಅವಳು ನಗುವಳು. ಅವಳ ನಗು ನೋಡಿ ಅವನೂ ನಗುವನು. ತಿರುಗಿ ಅವಳು ಅಮ್ಮನಿಗೆ ಕಳಿಸುವ ಮಾತಿನಲ್ಲಿ "ಒಬ್ಬ ಉದ್ದದ ಹುಡುಗ ಇದ್ದಾನಮ್ಮ" ಎಂಬುದು ಬರಬರುತ್ತ ಜಾಸ್ತಿಯಾಯಿತು. ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ತಿಳಿಯಲಿಲ್ಲ.

ಇತ್ತೀಚೆಗೆ ಅಮ್ಮನ ದನಿ ಯಾಕೋ ಕೀರಲಾಗಿತ್ತು. "ನೆಗಡಿ ಕಣೇ" ಎಂದಿದ್ದಳು ಅಮ್ಮ. "ಕೂಗೋದು ಕಮ್ಮಿ ಮಾಡು, ಬೀದಿಯವರಾದ್ರೂ ನಿದ್ದೆ ಮಾಡ್ಲಿ!" ಎಂದು ಇವಳು ತಮಾಷೆ ಮಾಡಿದ್ದಳು. ಅಯ್ಯೋ, ಆ ತಮಾಷೆಯನ್ನು ಈಗ ನೆನೆದರೆ...

ಅವತ್ತು ಅವಳು ಕೋಟಿನ ತೋಳೊಂದನ್ನು ಹೊಲಿಯುತ್ತಿದ್ದಾಗ ಅಮ್ಮನಿಂದ ಧ್ವನಿ ಸಂದೇಶ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೊಂದು. ಒಂದೂ ತೆರೆಯಲಿಲ್ಲ. ಅಮ್ಮ ಒಂದೇ ಹಗಲಲ್ಲಿ ಇಷ್ಟೊಂದು ಕಳಿಸಿದ್ದೇ ಇರಲಿಲ್ಲ.

ಅವಳು ಕೌಂಟರಿಗೆ ಬಂದಳು. ಜೇಬಿನಲ್ಲಿ ಹಡಗಿನ ಫೋನಿನಿಂದ ಕರೆ ಮಾಡಲು ಮೊದಲೇ ಕೊಂಡಿಟ್ಟ ಕಾರ್ಡಿತ್ತು.

"ಟವರ್, ಅಮ್ಮ ಸಾಲಾಗಿ ಕಳಿಸ್ತಿದ್ದಾಳೆ. ಕಾರ್ಡ್ ಹಾಕಿ ಫೋನ್ ಮಾಡ್ಲಾ?"

"ಜಗಳ ಏನಾದ್ರೂ ಮಾಡ್ಕೊಂಡಿರ್ತಾರೆ ಅಂಗಡಿಯವನ ಜೊತೆ," ಎಂದ ಅವನು, ಅವಳ ದುಡ್ಡು ಉಳಿಯಲೆಂದೇ. "ಬೆಳಗಾದ್ರೆ ಬಂದರು ಬರುತ್ತಲ್ಲ. ಇಲ್ಲಿಂದ ಮಾತಾಡಿದ್ರೆ ಕಾರ್ಡ್ ಕಣ್ಣು ಮುಚ್ಚಿ ಬಿಡೋದ್ರಲ್ಲಿ ಖಾಲಿ."

ಅವಳ ಬೆರಳು ಕಾರ್ಡಿನ ಮೇಲೇ ಇತ್ತು. 'ಹೌದಲ್ಲ... ಇನ್ನೊಂದು ಕಾರ್ಡಿನ ದುಡ್ಡಲ್ಲಿ ಅಮ್ಮನ ಮನೆಯ ಕರೆಂಟ್ ಬಿಲ್ ಕಟ್ಟಬಹುದು. ನಾಳೆ ಕೇಳಿದರಾಯಿತು.' ಕಾರ್ಡು ಮತ್ತೆ ಜೇಬು ಸೇರಿತು.

ಬೆಳಗಾಗುವಷ್ಟರಲ್ಲಿ ಗಾಳಿ ಎದ್ದಿತ್ತು. ಈ ಗಾಳಿಯಲ್ಲಿ ಬಂದರಿಗೆ ಹೋಗುವಂತಿಲ್ಲ ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದ. ಹಡಗು ಮುಖ ತಿರುಗಿಸಿ ಮುಂದಕ್ಕೆ ನಡೆಯಿತು.

ಮಧ್ಯಾಹ್ನದ ಹೊತ್ತಿಗೆ ಬಂದದ್ದು ಚಿಕ್ಕಮ್ಮನ ಸಂದೇಶ. ಅದು ಅಕ್ಷರದಲ್ಲಿತ್ತು. ಹಾಗಾಗಿ ತೆರೆಯಿತು.

'ಇವತ್ತು ಬೆಳಿಗ್ಗೆ ಅಕ್ಕನಿಗೆ ಆಪರೇಷನ್ ಆಯ್ತಮ್ಮ. ಗಂಟಲಲ್ಲಿ ಗಡ್ಡೆ ಇತ್ತು. ಜೀವಕ್ಕೆ ಭಯ ಇಲ್ಲ ಅಂದ್ರು ಡಾಕ್ಟ್ರು. ಧ್ವನಿಪೆಟ್ಟಿಗೆ ಪೂರ್ತಿ ತೆಗೆದಿದ್ದಾರೆ. ಇನ್ನು ಅವಳಿಗೆ ಮಾತು ಬರಲ್ಲ. ನಿನಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು.'

ಅವಳು ಹೇಗೆ ಮೆಟ್ಟಿಲು ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಅವಳ ಮುಖ ನೋಡಿದವನೇ ಅವನು ಅವಳ ಫೋನಿಗೆ ತನ್ನ ಪೂರ್ತಿ ಲೈನು ಕೊಟ್ಟ. ಕೌಂಟರಿನ ಮುಂದೆಯೇ ನಿನ್ನೆಯ ಸಂದೇಶಗಳಲ್ಲಿ ಅಮ್ಮ ಮಾತಾಡಿದಳು, ಕೀರಲು ದನಿಯಲ್ಲಿ.

"ಮಗಳೇ, ಬಿಡುವಾದ್ರೆ ಒಂದು ಫೋನ್ ಮಾಡೇ. ಏನಿಲ್ಲ... ಸುಮ್ನೆ ಮಾತಾಡ್ಬೇಕು ಅನ್ನಿಸ್ತು."

"ಕೆಲಸದಲ್ಲಿದ್ದೀಯೇನೋ. ಊಟ ಮಾಡಿದ್ಯಾ?"

"ಹೋಗ್ಲಿ ಬಿಡು. ಸುಮ್ನೆ ದುಡ್ಡು ದಂಡ ಮಾಡ್ಬೇಡ. ನಾಳೆ ಕೇಳಿಸ್ಕೋ."

ನಾಳೆ!

ಅವಳು ಅವನ ಕಡೆ ತಿರುಗಿದಳು. "ನಿನ್ನ ಮಾತು ಕೇಳಿ ಕೆಟ್ಟೆ! ಒಂದು ಕರೆ ಮಾಡೋಕೆ ಬಿಡ್ಲಿಲ್ಲ ನೀನು. ನಿನ್ನ ಉಳಿತಾಯಕ್ಕೆ ಬೆಂಕಿ ಬೀಳ! ನಮ್ಮಮ್ಮನ ಕೊನೇ ಮಾತನ್ನ ನುಂಗಿಬಿಟ್ಟೆ..."

ಅವನು ತಲೆ ತಗ್ಗಿಸಿದ. ಅಷ್ಟು ಎತ್ತರದ ಮನುಷ್ಯ ಅವತ್ತು ಅವಳಿಗಿಂತ ಕುಳ್ಳಗೆ ಕಂಡ. ಅದೇ ಅವಳನ್ನು ಇನ್ನೂ ಕೆರಳಿಸಿತು. ಮುಂದಿನ ಬಂದರಿನಲ್ಲಿ ಅವಳು ಕೆಲಸ ಬಿಟ್ಟು ಇಳಿದುಹೋದಳು, ಅವನತ್ತ ತಿರುಗಿಯೂ ನೋಡದೆ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಅಮ್ಮ ಗಟ್ಟಿಗಿತ್ತಿ. ಗಾಯ ಮಾಗುತ್ತಲೇ ಕುತ್ತಿಗೆಗೊಂದು ತೆಳ್ಳನೆ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಹೊರಟೇಬಿಟ್ಟಳು. ಕೂಗುವ ಬದಲು ತಕ್ಕಡಿಯ ತಟ್ಟೆಗೆ ಚಮಚ ಬಡಿಯುತ್ತಿದ್ದಳು. ಗಿರಾಕಿಗಳು ಬರುತ್ತಿದ್ದರು. ಆದರೆ ಮಗಳಿಗೆ ಆ ಸದ್ದು ಕೇಳಿದಾಗಲೆಲ್ಲ ಕರುಳು ಕಿತ್ತು ಬರುತ್ತಿತ್ತು. ಮೊದಲಾಗಿದ್ದರೆ ಅಲ್ಲಿ ಅಮ್ಮನ ದನಿ ಇರುತ್ತಿತ್ತು.

ಅವನಿಂದ ಪ್ರತಿ ಬಂದರಿನಿಂದಲೂ ಒಂದೇ ಸಾಲು ಬರುತ್ತಿತ್ತು. 'ಅಮ್ಮ ಹೇಗಿದ್ದಾರೆ?' ಅವಳು ಓದುತ್ತಿದ್ದಳು. ಉತ್ತರಿಸುತ್ತಿರಲಿಲ್ಲ. ಏನೆಂದು ಉತ್ತರಿಸುವುದು? ಕಾರ್ಡು ತನ್ನ ಜೇಬಿನಲ್ಲೇ ಇತ್ತಲ್ಲ! ಬೇಡ ಎಂದು ಅವನೇನು ಕೈ ಹಿಡಿದಿರಲಿಲ್ಲ. ಈ ಸತ್ಯ ದಿನದಿನಕ್ಕೂ ಅವಳ ಎದೆಯಲ್ಲಿ ಭಾರವಾಗುತ್ತಿತ್ತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅಮ್ಮ ಅವಳ ಭುಜ ತಟ್ಟಿದಳು. ಕೈಯನ್ನು ತಲೆಗಿಂತ ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತಿ ಹುಬ್ಬು ಹಾರಿಸಿದಳು. ಆ ಉದ್ದದ ಹುಡುಗ ಎಲ್ಲಿ?

ಅವಳಿಗೆ ತಡೆಯಲಾಗಲಿಲ್ಲ. ಈರುಳ್ಳಿ ರಾಶಿಯ ಹಿಂದೆ ಕೂತು ಎಲ್ಲ ಹೇಳಿಬಿಟ್ಟಳು. "ತಪ್ಪು ನಂದಮ್ಮ. ನಿನ್ನ ಜೊತೆ ಮಾತಾಡೋದು ಬಿಟ್ಟು ದುಡ್ಡು ಉಳಿಸಿದೆ. ಅದನ್ನ ಒಬ್ಬಳೇ ಹೊರೋಕಾಗದೆ ಅವನ ಮೇಲೆ ಹಾಕ್ಬಿಟ್ಟೆ..."

ಅಮ್ಮ ಅವಳ ಕಣ್ಣೊರೆಸಿದಳು. ಆಮೇಲೆ ಅದೇ ಕೈಯಲ್ಲಿ ತಲೆಗೊಂದು ಮೊಟಕಿದಳು! ತುಟಿ ನಿಧಾನವಾಗಿ ಅಲುಗಿತು. ಸದ್ದಿಲ್ಲದಿದ್ದರೂ ಮಗಳಿಗೆ ಅರ್ಥವಾಯಿತು. "ನನ್ನ ಬಾಯಿ ಹೋಯ್ತು. ನಿನ್ನದಕ್ಕೇನಾಗಿದೆ?"

'ಹಡಗೀಗ ನಡುಗಡಲಲ್ಲಿ ಇರುತ್ತೆ... ಬಂದರಿಗೆ ಬಂದ ಮೇಲೆ...' ಮನಸ್ಸು ಹಳೆಯ ರಾಗ ಎಳೆಯಿತು. ಅವಳು ಅದರ ಕತ್ತನ್ನು ಅಲ್ಲೇ ಹಿಸುಕಿ, ಹಡಗಿನ ಕೌಂಟರಿನ ಸಂಖ್ಯೆಗೇ ನೇರವಾಗಿ ಕರೆ ಮಾಡಿದಳು.

"ನಮಸ್ಕಾರ, ಸಿಬ್ಬಂದಿ ಇಂಟರ್ನೆಟ್ ಕೌಂಟರ್..."

ಆ ದನಿ ಕೇಳಿದ್ದೇ ಅವಳು ಫೋನನ್ನು ಕಿವಿಗೆ ಒತ್ತಿಹಿಡಿದಳು. "ನಾನು..."

ಆ ಕಡೆ ಏನೋ ಬಿದ್ದ ಸದ್ದು. "ನೀನಾ? ಅಮ್ಮ ಹುಷಾರಾಗಿದ್ದಾರಾ? ಯಾಕೆ ಕರೆ ಮಾಡ್ದೆ? ಇದು ತುಂಬಾ ದುಬಾರಿ ಕಣೇ. ಇಡು, ನಾನೇ ಮಾಡ್ತೀನಿ..."

"ಇಡಲ್ಲ! ನೀನು ಸುಮ್ನೆ ಕೇಳು. ಅವತ್ತು ಫೋನ್ ಮಾಡದೇ ಇದ್ದಿದ್ದು ನಾನು. ನೀನು ತಡೀಲಿಲ್ಲ. ನಿನ್ನ ಮೇಲೆ ಹಾಕಿದ್ದು ಅನ್ಯಾಯ. ನನ್ನನ್ನ ಕ್ಷಮಿಸ್ತೀಯಾ?"

ಒಡೆದ ದನಿಯಲ್ಲಿ ಅವನು ಹೇಳಿದ, "ನನಗೆ ಇವತ್ತಿಗೂ ಯಾರಿಗೂ ನಾಳೆ ಮಾತಾಡಿ ಅನ್ನೋಕಾಗ್ತಿಲ್ಲ. ಅವತ್ತು ನನ್ನ ಲೈನ್ ಕೊಡಬಹುದಿತ್ತು. ಬರೀ ಮಾತು ಹೇಳಿ ಕಳಿಸಿದೆ. ನಿನ್ನ ಬೈಗುಳ ನನಗೆ ಸಲ್ಲಬೇಕಾದ್ದೇ."

ಇಬ್ಬರೂ ಅತ್ತರು, ಸ್ಯಾಟಲೈಟಿನ ದುಬಾರಿ ಲೈನಿನಲ್ಲಿಯೇ. ಅಮ್ಮನ ದನಿ ಅದರಿಂದ ಮರಳಿ ಬರಲಿಲ್ಲ. ಬರುವಂಥದ್ದೂ ಅಲ್ಲ. ಆ ನೋವು ಅವಳಿರುವಷ್ಟು ದಿನ ಅವಳ ಜೊತೆ ಇದ್ದೇ ಇರುತ್ತದೆ. ಅದನ್ನು ಹೊರಲು ಈಗ ಇಬ್ಬರಾದರು.

"ಟವರ್..."

"ಹೂಂ?"

"ನೀನಂದ್ರೆ ನನಗಿಷ್ಟ ಕಣೋ. ಯಾವತ್ತಿಂದಲೋ ಇಷ್ಟ. ಹೇಳ್ಲಿಲ್ಲ ಅಷ್ಟೇ."

ಲೈನು ಕಡಿದುಹೋಯಿತೇನೋ ಎಂದು ಅವಳು ಫೋನಿನ ಪರದೆ ನೋಡಿದಳು.

"ಹಲೋ? ಇದ್ದೀಯಾ?"

"ಇದ್ದೀನಿ. ಗಾಳಿ ಜಾಸ್ತಿ ಇಲ್ಲಿ... ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

"ಸುಳ್ಳು! ಕೇಳಿಸಿದೆ ನಿನಗೆ."

"ಕೇಳಿಸ್ತು... ಆದ್ರೂ ಹೇಳು."

ಅವಳು ಕಣ್ಣೊರೆಸಿಕೊಂಡು, ಇಡೀ ಮಾರುಕಟ್ಟೆಗೆ ಕೇಳುವ ಹಾಗೆ, ಇನ್ನೊಮ್ಮೆ ಹೇಳಿದಳು.