ಒದ್ದೆ ಗೋಡೆ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುತ್ತಿದ್ದ ದಫೇದಾರರ ಪೆನ್ನು ನಡುವೆಯೇ ನಿಂತಿತು.

"ಗೋಡೆ ಒಡೆದಿದ್ದಾರೆ ಅಂತ ತಾನೇ?"

"ಅಲ್ಲ ಸ್ವಾಮಿ, ಕಟ್ಟಿದ್ದಾರೆ! ಹಾಲ್ ದೊಡ್ಡದಾಗ್ಲಿ ಅಂತ ನಡುಗೋಡೆ ತೆಗೆಸಿ, ಹೆಂಡ್ತಿ ಮಗಳ ಜೊತೆ ಒಂದು ವಾರ ಮಾವನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಗೋಡೆ ಮತ್ತೆ ನಿಂತಿದೆ. ಮನೇಲಿ ಪಾಲು ಬೇಕು ಅಂತ ಜಗಳ ಆಡ್ತಿರೋ ನನ್ನ ತಮ್ಮನದೇ ಕಿತಾಪತಿ. ಇವತ್ತೇ ಒಡೆಸ್ತೀನಿ."

ಎಫ್‌ಐಆರ್ ದಾಖಲಾಯಿತು. ಒಂದು ಇಟ್ಟಿಗೆಯನ್ನೂ ಮುಟ್ಟಕೂಡದೆಂದು ತಾಕೀತು ಮಾಡಿ, ಇನ್‌ಸ್ಪೆಕ್ಟರ್ ದಫೇದಾರರನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಹೊರಟರು.

ಕಳ್ಳರು ಕನ್ನ ಕೊರೆದ ಗೋಡೆಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ಇಂಥದ್ದನ್ನು ಕಂಡಿರಲಿಲ್ಲ. ಒಂದು ಸಾಲು ಇಟ್ಟಿಗೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ಸಂದಿಯ ಮೇಲೆ ಸಂದಿ ಎಲ್ಲೂ ಕೂತಿರಲಿಲ್ಲ. ಅಲ್ಲೇ ಬಿದ್ದಿದ್ದ ತೂಕದ ಗುಂಡನ್ನು ಇಳಿಬಿಟ್ಟರೆ ದಾರ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ದಪ್ಪ ಒಂಬತ್ತು ಇಂಚು. ಅಣ್ಣತಮ್ಮಂದಿರ ಜಗಳದ ಮರೆಗೋಡೆಗೆ ಅದರಲ್ಲಿ ಅರ್ಧ ಸಾಕು. ಇನ್‌ಸ್ಪೆಕ್ಟರ್ ಟೋಪಿ ತೆಗೆದರು. ಯಾಕೆ ತೆಗೆದೆನೆಂದು ಅವರಿಗೇ ತಿಳಿಯಲಿಲ್ಲ.

ಅಂಗೈ ಇಟ್ಟರು. ಗಾರೆ ಆಗಲೇ ಬಿಗಿದಿತ್ತು, ನೀರು ಮಾತ್ರ ಹೊಸದು.

"ಹೊಸ ಗೋಡೆಗೆ ದಿನಾ ನೀರು ಉಣಿಸಬೇಕು," ಎಂದರು ದಫೇದಾರರಿಗೆ. "ಕಟ್ಟಿದೋನು ಬಂದೇ ಬರ್ತಾನೆ. ಮುಂಬಾಗಿಲಿಗೆ ಬೀಗ ಹಾಕ್ಸಿ, ಜೀಪು ದೂರ ನಿಲ್ಸಿ. ನಾವು ಒಳಗೇ ಕಾಯೋಣ."

ಸಂಜೆ ಐದಕ್ಕೆ ಹಿತ್ತಿಲ ಬಾಗಿಲು ತೆರೆದು, ಕೊಡ ಹೊತ್ತು ಬಂದವನು ಗಾರೆ ಮೇಸ್ತ್ರಿ. ಹಳೆಯ ಗೋಡೆ ಕೆಡವಿದವನೂ ಅವನೇ. ಆಗ ಕೊಟ್ಟ ಕೀಲಿಯನ್ನು ಇನ್ನೂ ಹಿಂತಿರುಗಿಸಿರಲಿಲ್ಲ.

"ಯಾಕೆ ಕಟ್ಟಿದೆ?"

"ತಪ್ಪಾಯ್ತು ಸಾರ್. ಒಡೆಯೋಕೆ ಮುಂಚೆ ಹಳೇ ಗೋಡೇಲಿದ್ದ ದೀಪದ ಗೂಡಿನ ಬೆನ್ನಿಗೆ ತಟ್ಟಿ ನೋಡ್ದೆ. ಅಲ್ಲಿ ತೆಳ್ಳಗಿತ್ತು. ಬರೀ ಮರೆಗೋಡೆ ಅಂದ್ಕೊಂಡೆ. ಕೆಡವಿದ ಮೇಲೆ ಗೊತ್ತಾಯ್ತು, ಮಹಡಿ ಭಾರ ಎಲ್ಲಾ ಅದೇ ಹೊತ್ತಿತ್ತು. ಮರದ ಆಸರೆ ಕೊಟ್ಟು ಮತ್ತೆ ಕಟ್ದೆ."

"ಯಜಮಾನರಿಗೆ ಹೇಳೋಕೇನಾಗಿತ್ತು ಧಾಡಿ?"

"ನಾಚಿಕೆ ಸಾರ್, ನಾಲಿಗೆ ಏಳ್ಲಿಲ್ಲ. ಹಂಗಂತ ಬಿಟ್ಟು ಹೋಗೋಕೂ ಆಗ್ಲಿಲ್ಲ. ಮೇಲೆ ಆ ಮಗು ಮಲಗೋ ಕೋಣೆ."

ಇನ್‌ಸ್ಪೆಕ್ಟರ್ ತಲೆಯೆತ್ತಿದರು. ಚಾವಣಿಯಲ್ಲಿ ಮೂಡಿದ್ದ ಹೊಸ ಬಿರುಕು ಗೋಡೆಯ ತಲೆಯವರೆಗೆ ಬಂದು ನಿಂತಿತ್ತು. ಪಕ್ಕದಲ್ಲಿದ್ದ ಮಾಲೀಕನೂ ಅದನ್ನು ನೋಡಿದ. ತಮ್ಮನ ಸುದ್ದಿ ಮತ್ತೆ ಎತ್ತಲಿಲ್ಲ.

ಅತಿಕ್ರಮ ಪ್ರವೇಶದ ಮೇಲೆ ಮೇಸ್ತ್ರಿಯ ಬಂಧನವಾಯಿತು. ಪಂಚನಾಮೆಯ ಕೊನೆಗೆ ಇನ್‌ಸ್ಪೆಕ್ಟರ್ ತಾವೇ ಬರೆದರು: ಸದರಿ ಗೋಡೆಯು ಪ್ರಕರಣದ ಸಾಕ್ಷ್ಯವಸ್ತು, ಮುದ್ದೆಮಾಲು; ಯಾರೂ ಒಡೆಯತಕ್ಕದ್ದಲ್ಲ.

ಜೀಪು ಹತ್ತುವಾಗ ಮೇಸ್ತ್ರಿ ಹಿಂತಿರುಗಿ ನೋಡಿದ. "ಸಾರ್, ಸಂಜೆ ನೀರು..."

"ಕೊಡ ಎತ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರ್ ದಫೇದಾರರಿಗೆ. "ಮುದ್ದೆಮಾಲು ಹಾಳಾಗ್ಬಾರ್ದು."