ಪಕ್ಕದ ಗಾಡಿಯ ಹಾಡು

"ಮೇಡಂ, ನಿಮ್ಮ ಗಾಡಿ ಮುದುಕಮ್ಮ ನಮ್ಮ ಗಾಡ್ಯಾಗ ಬಂದು ಹಾಡಾಕತ್ತಾಳ್ರಿ."

ಪಲ್ಲವಿ ತಿರುಗಿ ನೋಡಿದಳು. ಹೊಸಪೇಟೆ ದಾರಿಯ ರೈಲ್ವೆ ಗೇಟು ಹಾಕಿತ್ತು. ಅದಿರು ತುಂಬಿದ ರೈಲು ಮುಗಿಯುವಂತೆಯೇ ಕಾಣಲಿಲ್ಲ. ಪಕ್ಕದಲ್ಲಿ ನಿಂತಿದ್ದ ಬಾಳೆಗೊನೆಯ ಪಿಕಪ್ಪಿನಿಂದ ಒಬ್ಬ ತಲೆ ಹೊರಹಾಕಿ ನಗುತ್ತಿದ್ದ. ಅವನ ಸ್ಟೀರಿಯೋದಿಂದ ಬರುತ್ತಿದ್ದದ್ದು... ಹೌದು, ಅವಳ ಅಜ್ಜಿ ಎರ್ರೆಮ್ಮನದೇ ದನಿ!

ಪಲ್ಲವಿಯ ಹಳೆಯ ಕಾರಿನ ಸ್ಟೀರಿಯೋಗೆ ವೈರು ಚುಚ್ಚುವ ಜಾಗವಿರಲಿಲ್ಲ. ಅದಕ್ಕೇ ಸಿಗರೇಟ್ ಲೈಟರಿನ ತೂತಿಗೆ ಹೆಬ್ಬೆರಳಿನಷ್ಟು ಒಂದು ಯಂತ್ರ ಸಿಕ್ಕಿಸಿ, ತನ್ನ ಪುಟ್ಟ ಪ್ಲೇಯರನ್ನು ಅದಕ್ಕೆ ಜೋಡಿಸಿದ್ದಳು. ಅದು ಹಾಡನ್ನು ಗಾಳಿಯಲ್ಲೇ ಕಾರಿನ ಎಫ್‌ಎಂಗೆ ಕಳಿಸುತ್ತಿತ್ತು. ನಾಲ್ಕು ಮಾರಿನೊಳಗೆ ಅದೇ ನಂಬರಿಗೆ ತಿರುಗಿಸಿದ ಇನ್ನೊಂದು ರೇಡಿಯೋ ಇದ್ದರೆ ಅದಕ್ಕೂ ಕೇಳಿಸುತ್ತದೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

ನಂಬರ್ ಬದಲಿಸಲೇ ಎಂದು ಕೇಳಿದಳು.

"ಬ್ಯಾಡ್ರಿ... ನಾಟಿ ಹಾಡು ಕೇಳಿ ಭಾಳ ದಿನ ಆಗಿತ್ತು."

ಹೆಸರು ಲಿಂಗರಾಜ್, ಊರು ಮೆಟ್ರಿ. ದಿನಾ ಬೆಳಿಗ್ಗೆ ಬಾಳೆಗೊನೆ ಹೇರಿಕೊಂಡು ಹೊಸಪೇಟೆ ಮಂಡಿಗೆ ಬರುತ್ತಿದ್ದ. ಅದೇ ಹೊತ್ತಿಗೆ ಪಲ್ಲವಿ ಮಲಪನಗುಡಿಯಿಂದ ಮಣ್ಣು ಪರೀಕ್ಷೆಯ ಲ್ಯಾಬಿಗೆ ಹೊರಡುತ್ತಿದ್ದಳು. ಆಮೇಲೆ ಗೇಟು ಹಾಕಿದರೆ ಇಬ್ಬರಿಗೂ ಬೇಸರವಾಗುತ್ತಿರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು ಕಿಟಕಿ ದಾಟಿ ಬರುತ್ತಿತ್ತು. ಒಮ್ಮೆ ತನ್ನ ಹೊಲದ ಮಣ್ಣನ್ನು ಚೀಲದಲ್ಲಿ ಕಟ್ಟಿ ಕೊಟ್ಟ.

"ಮಣ್ಣಷ್ಟೇ ನೋಡ್ತೀರೋ, ಮಾಲೀಕನ್ನೂ ನೋಡ್ತೀರೋ?"

"ಮಾಲೀಕನ ರಿಪೋರ್ಟ್ ತಡ ಆಕ್ಕೇತ್ರಿ," ಎಂದಿದ್ದಳು ಪಲ್ಲವಿ.

ಎರ್ರೆಮ್ಮ ಕೈ ಖಾಲಿ ಇದ್ದರೆ ಹಾಡುವವಳಲ್ಲ. ಅವಳು ಅಕ್ಕಿ ಹಸನು ಮಾಡಲು ಕೂತಾಗಲೇ ರೆಕಾರ್ಡ್ ಒತ್ತಿ ಪ್ಲೇಯರನ್ನು ಮೊರದ ಪಕ್ಕ ಇಡಬೇಕು. ಹಾಗಾಗಿ ಹಾಡಿನ ನಡುವೆ ಮನೆಯ ಮಾತೂ ಸೇರುತ್ತಿತ್ತು.

ಅದೇ ಎಡವಟ್ಟಾಯಿತು.

ಒಂದು ಸೋಮವಾರ ಪಲ್ಲವಿ ಹೊಸ ರೆಕಾರ್ಡ್ ಹಾಕಿ, ಸೌತೆಕಾಯಿ ಕೊಳ್ಳಲು ಕಾರಿನಿಂದ ಇಳಿದಳು. ಮರಳುವಷ್ಟರಲ್ಲಿ ಗೇಟು ತೆರೆದಿತ್ತು. ಪಕ್ಕದಲ್ಲೇ ನಿಂತಿದ್ದ ಲಿಂಗರಾಜ್ ತಿರುಗಿಯೂ ನೋಡದೆ ಹೊರಟುಹೋಗಿದ್ದ. ಅವಳು ಬಾಗಿಲು ತೆಗೆದಾಗ ಸ್ಟೀರಿಯೋದಲ್ಲಿ ಅಜ್ಜಿ ನಗುತ್ತಿದ್ದಳು.

ಮರುದಿನ ಅವನು ಬರಲಿಲ್ಲ. ವಾರವಾಯಿತು...

'ನಾನೇನು ತಪ್ಪು ಮಾಡಿದೆ?'

ಮುಂದಿನ ಸೋಮವಾರ ಅದೇ ಗೇಟಿನಲ್ಲಿ ಕೂತು ಆ ರೆಕಾರ್ಡನ್ನು ಮತ್ತೆ ಹಾಕಿದಳು. ಹಾಡು ನಿಂತಿತು. ಹೆಣ್ಣು ನೋಡಿ ಹೋದ ಸಂಡೂರಿನ ಬಸವರಾಜ್ ಹೆಂಗದಾನ ಎಂದು ಅಜ್ಜಿ ಕೇಳಿದಳು. ಆಮೇಲೆ ತನ್ನದೇ ದನಿ: "ಚಲೋ ಅದಾನಜ್ಜಿ..."

ಪಲ್ಲವಿಗೆ ತಟ್ಟನೆ ಹೊಳೆಯಿತು. ಅಜ್ಜಿಯ ನಗು ಬರುವುದು ಇದಾದ ಸ್ವಲ್ಪ ಹೊತ್ತಿಗೆ. ಅಷ್ಟರಲ್ಲಿ ಪಿಕಪ್ ನಾಲ್ಕು ಮಾರು ದಾಟಿತ್ತು. ಮುಂದಿನ ಮಾತು ಅವನಿಗೆ ಕೇಳಿಸಿಯೇ ಇಲ್ಲ!

ಅಮಾಸೆಗೆ ಉಳಿದದ್ದು ಎರಡೇ ದಿನ. ಅಷ್ಟರೊಳಗೆ ಅವನು ಸಿಗದಿದ್ದರೆ ಅಜ್ಜಿ ಸಂಡೂರಿಗೆ ಒಪ್ಪಿಗೆ ಹೇಳಿ ಕಳಿಸುವವಳು.

ಅಳುತ್ತ ಕೂರುವ ಹುಡುಗಿಯಲ್ಲ ಪಲ್ಲವಿ. ಲ್ಯಾಬಿಗೆ ಹೋಗಿ ಅವನ ಮಣ್ಣಿನ ರಿಪೋರ್ಟ್ ತೆಗೆದುಕೊಂಡಳು. ಅದರ ಮೇಲೆ ಹೆಸರು, ಊರು, ಸರ್ವೆ ನಂಬರ್ ಎಲ್ಲ ಇತ್ತು. ಅರ್ಧ ದಿನ ರಜೆ ಬರೆದುಕೊಟ್ಟು ಕಾರನ್ನು ಮೆಟ್ರಿಯತ್ತ ತಿರುಗಿಸಿದಳು.

ಕಾಲುವೆ ದಂಡೆಯಲ್ಲಿ ಪಿಕಪ್ ನಿಂತಿತ್ತು. ಗೊನೆ ಹೇರುತ್ತಿದ್ದ ಲಿಂಗರಾಜ್ ಅವಳನ್ನು ಕಂಡು ಸೊಂಟ ನೆಟ್ಟಗೆ ಮಾಡಿದ.

"ಸಂಡೂರು ದಾರಿ ಇದಲ್ರಿ."

ಪಲ್ಲವಿ ಕಾರನ್ನು ಪಿಕಪ್ಪಿಗೆ ಒತ್ತಿ ನಿಲ್ಲಿಸಿ, ರೇಡಿಯೋ ಹಚ್ಚಲು ಹೇಳಿದಳು. ಆ ನಂಬರ್ ಎಂದೋ ತೆಗೆದುಬಿಟ್ಟಿದ್ದೇನೆ ಎಂದ ಅವನು. ಅವಳೇ ಕಿಟಕಿಯೊಳಗೆ ಕೈ ಹಾಕಿ ಗುಂಡಿ ಒತ್ತಿದಳು. ನಂಬರ್ ಹಾಗೆಯೇ ಇತ್ತು. ತನ್ನ ಪ್ಲೇಯರಿನಲ್ಲಿ ಆ ಸೋಮವಾರದ ರೆಕಾರ್ಡ್ ಹಚ್ಚಿದಳು.

"ಚಲೋ ಅದಾನಜ್ಜಿ... ಆದ್ರ ನನಗ ಬ್ಯಾಡ."

"ಮತ್ಯಾರು ಬೇಕಲೇ ನಿನಗ?"

"ಗೇಟಿನ್ಯಾಗ ಒಬ್ಬ ನಿಂದ್ರತಾನ. ಗೇಟ್ ತೆಗೆದ್ರೂ ನಿನ್ನ ಹಾಡು ಮುಗಿಯೋತನ ಗಾಡಿ ಬಿಡಂಗಿಲ್ಲ."

ಎರ್ರೆಮ್ಮ ನಕ್ಕಳು. ಮೊರದಲ್ಲಿ ಅಕ್ಕಿ ಸರ್ರನೆ ಸರಿದ ಸದ್ದು. "ಹಂಗಾರ ಅಮಾಸಿಯೊಳಗ ಅವನ್ನ ನನ್ಮುಂದ ತಂದು ನಿಂದ್ರಸು. ಇಲ್ಲಾಂದ್ರ ಸಂಡೂರೇ ಗತಿ ನಿನಗ."

ಲಿಂಗರಾಜ್ ಕೈಗೆ ಮೆತ್ತಿದ್ದ ಬಾಳೆಕರೆಯನ್ನು ಒರೆಸುತ್ತಲೇ ಇದ್ದ. ಅದು ಒರೆಸಿದರೆ ಹೋಗುವಂಥದ್ದಲ್ಲ.

"ಎಂಟು ದಿನ ಗಂಗಾವತಿ ಮಂಡಿಗೆ ಹೋದೆ," ಎಂದ ಮೆಲ್ಲಗೆ. "ದಾರಿ ತುಂಬಾ ಆ ನಂಬರ್‌ನ್ಯಾಗ ಬರೇ ಕರಕರ ಸಪ್ಳ..."

ಪಲ್ಲವಿಯ ಕಣ್ಣು ತುಂಬಿತು. ಆದರೂ ರಿಪೋರ್ಟನ್ನು ಚಾಚಿದಳು.

"ಮಣ್ಣಿಗೆ ಸತು ಕಮ್ಮಿ ಐತಿ. ಮಾಲೀಕಗ ತಾಳ್ಮಿ ಕಮ್ಮಿ."

"ಎರಡಕ್ಕೂ ಔಷಧ ಐತೇನ್ರಿ?"

"ಐತಿ. ಮಲಪನಗುಡಿಗೆ ನಡೀರಿ. ಅಜ್ಜಿ ಕಾಯಾಕತ್ತಾಳ."

ಅವನು ಪಿಕಪ್ ಹತ್ತಿ, ಮೊದಲ ದಿನದಂತೆಯೇ ತಲೆ ಹೊರಹಾಕಿದ.

"ನೀವು ಮುಂದ ಹೋಗ್ರಿ, ನಾ ಹಿಂದ ಬರ್ತೀನಿ. ಆದ್ರ ನಿಧಾನ ಹೊಡೀರಿ... ನಾಕು ಮಾರು ದಾಟಿದ್ರ ಕೇಳ್ಸಂಗಿಲ್ಲ."

ಪಲ್ಲವಿ ಪ್ಲೇಯರಿನಲ್ಲಿ ನಾಟಿ ಹಾಡು ಹಚ್ಚಿದಳು. ಎರಡೂ ಗಾಡಿಗಳಲ್ಲಿ ಎರ್ರೆಮ್ಮ ಹಾಡತೊಡಗಿದಳು. ಪಲ್ಲವಿ ಕಿಟಕಿಯಿಂದ ಹಿಂದೆ ತಿರುಗಿ ಹೇಳಿದಳು:

"ಇನ್ನ ದಾಟಂಗಿಲ್ಲ ಬಿಡ್ರಿ."