ಮೊಳೆಗೆ ನೇತುಹಾಕಿದ ಕೌಜುಗ

"ಅದು ಸತ್ತಿಲ್ಲ ಮಿಸ್, ಸುಮ್ನೆ ನೇತಾಕವ್ರೆ ಅಷ್ಟೆ," ಎಂದಳು ಚಂದನ.

ಕುಂದಾಣದ ಶಾಲೆಯ ಐದನೇ ಕ್ಲಾಸು ಗೊಳ್ಳೆಂದು ನಕ್ಕಿತು. ಡ್ರಾಯಿಂಗ್ ಕಲಿಸುವ ಶಶಿರೇಖಾ ಮಿಸ್ ಗೋಡೆಗೆ ದೊಡ್ಡ ಚಿತ್ರವೊಂದನ್ನು ಅಂಟಿಸಿದ್ದರು. ಮೊಳೆಗೆ ಕಟ್ಟಿದ ದಾರದಲ್ಲಿ ಒಂದು ಕೌಜುಗ ಹಕ್ಕಿ, ಕಾಲು ಮೇಲೆ, ತಲೆ ಕೆಳಗೆ. ಪಕ್ಕದಲ್ಲಿ ಈರುಳ್ಳಿ. ಈ ಚಿತ್ರ ಏನು ಹೇಳುತ್ತೆ ಎಂದು ಮಿಸ್ ಕೇಳಿದ್ದೇ ತಡ, ಹುಡುಗರು ಬಾಯಲ್ಲೇ ಮಸಾಲೆ ಅರೆದು ಸಾರು ಕುದಿಸಿ ಮುದ್ದೆಯನ್ನೂ ಕಟ್ಟಿಬಿಟ್ಟಿದ್ದರು.

ಚಂದನಾಗೆ ಅದು ಸರಿಬರಲಿಲ್ಲ. ಅವರ ಕಡೆ ಕೋಳಿಯನ್ನು ಹಾಗೇ ತಾನೇ ತರುವುದು? ಕಾಲು ಕಟ್ಟಿ ತಲೆಕೆಳಗು ಮಾಡಿದರೆ ಎಂಥ ಜಗಳಗಂಟ ಹುಂಜವೂ ತೆಪ್ಪಗಾಗುತ್ತದೆ. ಹೊಸಕೋಟೆಯಿಂದ ಸ್ಕೂಟರ್ ಹ್ಯಾಂಡಲ್‌ಗೆ ಜೋತುಬಿದ್ದು ಬಂದ ಕೋಳಿ, ಇಳಿಸಿದ ಕೂಡಲೇ ಎದ್ದು ಓಡಿದ್ದನ್ನು ಅವಳೇ ನೋಡಿದ್ದಳು.

"ಕಣ್ಣು ಮುಚ್ಚೈತೆ ಕಣೇ," ಎಂದ ಪಕ್ಕದ ಬೆಂಚಿನ ಹುಡುಗ ಗುರು. ಕೋಳಿಯೂ ಮುಚ್ಚುತ್ತೆ ಎಂದಳು ಚಂದನ. ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಚಂದನ ಸೋತರೆ ಕಿಟಕಿ ಪಕ್ಕದ ಅವಳ ಜಾಗ ಗುರುವಿಗೆ. ಅಲ್ಲಿ ಕೂತರೆ ವಿಮಾನ ಇಳಿಯುವುದು ಕಾಣುತ್ತದೆ. ಆ ಜಾಗವೆಂದರೆ ಅವಳಿಗೆ ಪ್ರಾಣ. ನಾಳೆ ಕಾರಣ ಸಮೇತ ಹೇಳಿ ಎಂದು ಮಿಸ್ ಇಬ್ಬರನ್ನೂ ಕೂರಿಸಿದರು.

ಮನೆಗೆ ಬಂದವಳೇ ಬ್ಯಾಗ್ ಎಸೆದು ಅಜ್ಜಿಯ ಕೆಂಪು ಕೋಳಿಯನ್ನು ಹಿಡಿದಳು. ಕಾಲು ಹಿಡಿದು ತಲೆಕೆಳಗು ಮಾಡಿದಳು. ಕೋಳಿ ತೆಪ್ಪಗಾಯಿತು, ಕಣ್ಣನ್ನೂ ಮುಚ್ಚಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅದು ಕತ್ತನ್ನು ಮೇಲಕ್ಕೆ ಬಾಗಿಸಿ ಅವಳನ್ನೇ ನೋಡಿತು. ಸುಸ್ತಾಗಿ ಇಳಿಬಿಟ್ಟರೂ ಮತ್ತೆ ಎತ್ತಿತು.

"ಯಾಕವ್ವಾ ಅದನ್ನ ಗೋಳುಯ್ಕೊಂತೀಯಾ, ಬಿಡು," ಎಂದರು ಅಜ್ಜಿ ಮುನಿವೆಂಕಟಮ್ಮ.

ಕೋಳಿಯನ್ನು ಇಳಿಸಿದಳು. ಚಿತ್ರದ ಕೌಜುಗದ ಕತ್ತು ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿದ್ದುದು ನೆನಪಾಯಿತು. ಅವಳಿಗೆ ಅಳು ಬಂತು. ಕಿಟಕಿ ಹೋಗುತ್ತೆ ಅಂತಲೋ, ಹಕ್ಕಿ ಹೋಯಿತು ಅಂತಲೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಗುರು ಹೇಳಿದ್ದು ಅದೇ ಕಣ್ಣಿನ ಮಾತು. ಕತ್ತಿನ ವಿಷಯ ಬಾಯಿಬಿಡದಿದ್ದರೆ ಚಂದನ ಆರಾಮಾಗಿ ಗೆಲ್ಲಬಹುದಿತ್ತು. ಅವಳು ಎದ್ದು ಚಿತ್ರದ ಹತ್ತಿರ ಹೋದಳು.

"ಸತ್ತೋಗೈತೆ ಮಿಸ್. ಬದುಕಿದ್ದಿದ್ರೆ ಒಂದ್ಸಲನಾದ್ರೂ ಕತ್ತೆತ್ತಿ ನೋಡ್ತಿತ್ತು."

ಗುರು ಆಗಲೇ ಬ್ಯಾಗ್ ಎತ್ತಿಕೊಂಡು ಕಿಟಕಿ ಕಡೆ ಹೊರಟಿದ್ದ. ಚಂದನ ಮಾತ್ರ ಅಲ್ಲೇ ನಿಂತಿದ್ದಳು. ಅಷ್ಟು ಹತ್ತಿರದಿಂದ ಅವಳು ಚಿತ್ರವನ್ನು ನೋಡಿರಲೇ ಇಲ್ಲ. ಎದೆಯ ಮೇಲಿನ ಪುಟ್ಟ ಪುಟ್ಟ ಪುಕ್ಕಗಳು, ಒಂದೊಂದರ ಮೇಲೂ ಕಂದು ಗೆರೆ. ಒಂದನ್ನೂ ಬಿಟ್ಟಿರಲಿಲ್ಲ.

ಇಷ್ಟು ಜೋಪಾನವಾಗಿ ಬರೆದವರಿಗೆ ಆಮೇಲೆ ಅದರ ಸಾರು ಗಂಟಲಲ್ಲಿ ಇಳಿದಿರಲಿಕ್ಕಿಲ್ಲ ಎಂದು ಅವಳಿಗೆ ಅನ್ನಿಸಿತು.